ಹಳೆ ಮನೆಗೆ ಕೈ ಹಾಕುವ ಮುನ್ನ ಅದರ ಚರಿತ್ರೆ ಹುಡುಕುವುದು ಹೇಗೆ?

"ಅಜ್ಜನ ಕಾಲದ ಮನೆ ಇದೆ. ಕೆಡವೋಕೆ ಮನಸ್ಸಿಲ್ಲ. ಹೋಂಸ್ಟೇ ಮಾಡೋಣ ಅಂತಿದ್ದೀವಿ. ಎಲ್ಲಿಂದ ಶುರು ಮಾಡೋದು?"

ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಹೋಂಸ್ಟೇ ಬದಲು ಒಬ್ಬರು ಗ್ರಂಥಾಲಯ ಅನ್ನುತ್ತಾರೆ, ಇನ್ನೊಬ್ಬರು ಕ್ಲಿನಿಕ್ ಅನ್ನುತ್ತಾರೆ, ಮತ್ತೊಬ್ಬರು ಕಾಫಿ ಅಂಗಡಿ. ನನ್ನ ಉತ್ತರ ಮಾತ್ರ ಒಂದೇ. ಮೇಸ್ತ್ರಿಯನ್ನು ಕರೆಯುವ ಮೊದಲು ಮನೆಯ ಚರಿತ್ರೆ ಹುಡುಕಿ.

ಚರಿತ್ರೆ ಅಂದ ತಕ್ಷಣ ಎಲ್ಲಿಂದಲೋ ನಾಲ್ಕು ಕೆತ್ತನೆ ಕಂಬ ಕೊಂಡು ತಂದು ನಿಲ್ಲಿಸುವುದು ಅಂದುಕೊಳ್ಳಬೇಡಿ. ಅದು ಅಲಂಕಾರ. ನಾವು ಹುಡುಕಬೇಕಾದ್ದು ಕಾರಣವನ್ನು. ಈ ಗೋಡೆ ಯಾಕೆ ಇಷ್ಟು ದಪ್ಪ? ಈ ಬಾಗಿಲು ಯಾಕೆ ಇಷ್ಟು ಗಿಡ್ಡ? ತೊಟ್ಟಿಯ, ಅಂದರೆ ಮನೆ ನಡುವಿನ ತೆರೆದ ಅಂಗಳದ ನೀರು ಎಲ್ಲಿಗೆ ಹೋಗುತ್ತಿತ್ತು? ಮೈಸೂರಿನ ಹಳೆ ಅರಮನೆ ಮರದ್ದು. 1897ರಲ್ಲಿ ರಾಜಕುಮಾರಿಯ ಮದುವೆಯ ಸಮಯದಲ್ಲಿ ಸುಟ್ಟು ಹೋಯಿತು. 1912ರಲ್ಲಿ ಮುಗಿದ ಹೊಸ ಅರಮನೆಯ ಕಲ್ಯಾಣ ಮಂಟಪಕ್ಕೆ ಎರಕದ ಕಬ್ಬಿಣದ ಕಂಬಗಳು ಗ್ಲಾಸ್ಗೋದಿಂದ ಬಂದವು. ಮದುವೆ ನಡೆಯುವ ಜಾಗ ಹೊಸ ಅರಮನೆಯಲ್ಲೂ ಇದೆ, ಆದರೆ ಅದರ ಕಂಬಗಳು ಬೆಂಕಿಗೆ ಆಹಾರವಾಗುವ ಮರದ್ದಲ್ಲ. ಹಿಂದೆ ಆದದ್ದನ್ನು ತಿಳಿದುಕೊಂಡು ಮುಂದಿನದನ್ನು ಕಟ್ಟುವುದು ಅಂದರೆ ಇದು.

ಏನೇನು ಬೇಕು

30 ಮೀಟರ್ ಟೇಪು, ಟಾರ್ಚು, ತೂಕದ ಗುಂಡು (ಗೋಡೆ ನೆಟ್ಟಗಿದೆಯಾ ನೋಡಲು), ಒಂದು ಮೊಳೆ, ಒಂದು ಲೋಟ ನೀರು, ಗ್ರಾಫ್ ಹಾಳೆ, ಪೆನ್ಸಿಲ್, ಮೂರು ಬಣ್ಣದ ಸ್ಕೆಚ್ ಪೆನ್ನು, ಮೊಬೈಲು. ಜೊತೆಗೆ ಟೇಪಿನ ಇನ್ನೊಂದು ತುದಿ ಹಿಡಿಯಲು ಒಬ್ಬರು. ಎಲ್ಲಕ್ಕಿಂತ ಜಾಸ್ತಿ ಬೇಕಾದ್ದು ಸಮಯ. ಒಂದು ಮಳೆಗಾಲ ಮತ್ತು ಒಂದು ಬೇಸಿಗೆ ಆ ಮನೆಯನ್ನು ನೋಡಿದ ಮೇಲೆ ಕೆಲಸ ಶುರು ಮಾಡಿದರೆ ಒಳ್ಳೆಯದು. ಅಷ್ಟು ಕಾಯಲು ಆಗದಿದ್ದರೆ ಮಳೆಗಾಲವನ್ನಾದರೂ ಬಿಡಬೇಡಿ. ಎಲ್ಲಿ ಸೋರುತ್ತದೆ ಅನ್ನುವುದನ್ನು ಬೇರೆ ಯಾರೂ ಹೇಳಿಕೊಡಲಾರರು.

1. ಗುಡಿಸುವ ಮೊದಲು ಅಳೆಯಿರಿ

ಎಲ್ಲರೂ ಮಾಡುವ ಮೊದಲ ತಪ್ಪು ಕ್ಲೀನ್ ಮಾಡಿಸುವುದು. ಅಟ್ಟದ ಮೇಲಿನ ಹಳೆ ಹಲಗೆ, ಮೂಲೆಯ ಮುರಿದ ಹೆಂಚು, ಗೋಡೆಯ ಮೇಲಿನ ದೀಪದ ಮಸಿ, ಎಲ್ಲವೂ ಸಾಕ್ಷಿ. ಅವನ್ನು ಎಸೆದ ಮೇಲೆ ಕೇಳಲು ಯಾರೂ ಉಳಿಯುವುದಿಲ್ಲ. ಮೊದಲು ಪ್ರತಿ ಕೋಣೆಯ ನಾಲ್ಕು ಗೋಡೆ, ನೆಲ, ಸೂರು ಎಲ್ಲದರ ಫೋಟೋ ತೆಗೆಯಿರಿ. ಆಮೇಲೆ ಅಳತೆ.

ಅಳೆಯುವಾಗ ಉದ್ದ ಅಗಲ ಮಾತ್ರ ಸಾಲದು. ಮೂಲೆಯಿಂದ ಮೂಲೆಗೂ ಟೇಪು ಹಿಡಿಯಿರಿ. ಹಳೆ ಕೋಣೆಗಳು ಕಣ್ಣಿಗೆ ಚೌಕ ಕಂಡರೂ ನಿಜವಾಗಿ ಚೌಕವಾಗಿರುವುದು ಕಡಿಮೆ. ಗೋಡೆಯ ದಪ್ಪವನ್ನು ಪ್ರತಿ ಬಾಗಿಲು, ಕಿಟಕಿಯ ಹತ್ತಿರ ಬೇರೆ ಬೇರೆಯಾಗಿ ಬರೆದುಕೊಳ್ಳಿ. ಒಂದೇ ಮನೆಯಲ್ಲಿ ಒಂದು ಗೋಡೆ ಎರಡು ಅಡಿ, ಪಕ್ಕದ್ದು ಒಂಬತ್ತು ಇಂಚು ಇದ್ದರೆ ಎರಡನೆಯದು ಆಮೇಲೆ ಬಂದದ್ದು ಅಂತ ಅನುಮಾನಿಸಿ.

ಇನ್ನೊಂದು ಮಾತು. ನಕ್ಷೆಯಲ್ಲಿ ಅಂಕಣಗಳನ್ನು ಗುರುತಿಸಿ. ಅಂಕಣ ಅಂದರೆ ಎರಡು ಕಂಬಗಳ, ಅಥವಾ ಎರಡು ತೊಲೆಗಳ ನಡುವಿನ ಜಾಗ. "ಏಳು ಅಂಕಣದ ಮನೆ" ಅಂತ ಹಿರಿಯರು ಹೇಳುತ್ತಿದ್ದರಲ್ಲ, ಅದೇ. ಹಳೆ ಮನೆಗೆ ಅಡಿ ಮೀಟರಿಗಿಂತ ಅಂಕಣವೇ ನಿಜವಾದ ಅಳತೆ. ಈ ಮಾತಿಗೆ ಆಮೇಲೆ ಮತ್ತೆ ಬರುತ್ತೇನೆ.

2. ಜನರನ್ನು ಕೇಳಿ, ಆದರೆ ಇಸವಿ ಕೇಳಬೇಡಿ

"ಮನೆ ಯಾವಾಗ ಕಟ್ಟಿದ್ದು?" ಅಂದರೆ "ಇನ್ನೂರು ವರ್ಷ ಆಗಿರಬಹುದು" ಅನ್ನುತ್ತಾರೆ. ಎಲ್ಲ ಊರಲ್ಲೂ ಎಲ್ಲ ಮನೆಗೂ ಇನ್ನೂರು ವರ್ಷ! ಹಾಗೆ ಕೇಳುವ ಬದಲು ಘಟನೆ ಕೇಳಿ. ಕರೆಂಟು ಬರುವಾಗ ಈ ಮಹಡಿ ಇತ್ತಾ? ಅತ್ತೆ ಮದುವೆ ಯಾವ ಜಗಲಿಯಲ್ಲಿ ಆಯಿತು? ಲಿಂಗನಮಕ್ಕಿ ಕಟ್ಟಿ ಊರು ಮುಳುಗುವ ಮೊದಲು ಬಂದಿರಾ, ಆಮೇಲಾ? ಬೆಂಗಳೂರಿನವರಾದರೆ 1898ರ ಪ್ಲೇಗು ಒಳ್ಳೆಯ ಗುರುತು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದೇ ಆ ಪ್ಲೇಗಿನ ನಂತರ. ಬೆಂಗಳೂರಿಗೆ ಕರೆಂಟು ಬಂದದ್ದು 1905ರಲ್ಲಿ.

ಯಜಮಾನರನ್ನು ಮಾತ್ರ ಕೇಳಿ ಎದ್ದು ಬರಬೇಡಿ. ಅಡುಗೆಮನೆಯಲ್ಲಿ ಬದುಕು ಕಳೆದ ಅಜ್ಜಿಗೆ ಹೊಗೆ ಎಲ್ಲಿಂದ ಹೋಗುತ್ತಿತ್ತು, ಯಾವ ಗೋಡೆ ಒದ್ದೆಯಾಗುತ್ತಿತ್ತು ಗೊತ್ತಿರುತ್ತದೆ. ಹಿತ್ತಲ ಬಾಗಿಲಿನಿಂದ ಬಂದು ಕೆಲಸ ಮಾಡಿದವರನ್ನೂ ಕೇಳಿ. ಯಾರು ಜಗಲಿವರೆಗೆ, ಯಾರು ನಡುಮನೆವರೆಗೆ, ಯಾರು ಅಂಗಳದಲ್ಲೇ ನಿಲ್ಲಬೇಕಿತ್ತು ಅನ್ನುವುದು ಕೂಡ ಆ ಮನೆಯ ನಕ್ಷೆಯೇ. ಹಳೆಯದೆಲ್ಲ ಚೆನ್ನ ಅಂತ ಹಾಡುವವರು ಈ ಭಾಗವನ್ನು ಬಿಟ್ಟುಬಿಡುತ್ತಾರೆ. ನಾಳೆ ನಿಮ್ಮ ಗ್ರಂಥಾಲಯಕ್ಕೆ ಎಲ್ಲರೂ ಬರಬೇಕು ಅಂದರೆ ಯಾವ ಬಾಗಿಲು ಮುಖ್ಯ ಬಾಗಿಲಾಗಬೇಕು ಅಂತ ತೀರ್ಮಾನಿಸಲು ಇದು ಗೊತ್ತಿರಲೇಬೇಕು.

3. ಕಾಗದ ಹುಡುಕಿ

ಮೊದಲು ಮನೆಯ ಪೆಟ್ಟಿಗೆ. ಅಲ್ಲಿ ಸಿಗುವುದರಲ್ಲಿ ಚಿನ್ನ ಅಂದರೆ ಪಾಲುಪಟ್ಟಿ. ಅಣ್ಣತಮ್ಮಂದಿರು ಭಾಗವಾದಾಗ ಬರೆದ ಪತ್ರ. ಉತ್ತರ ಕರ್ನಾಟಕದ ಕಡೆ ವಾಟ್ನಿ ಪತ್ರ ಅನ್ನುತ್ತಾರೆ. ಕ್ರಯಪತ್ರದಲ್ಲಿ ಚೆಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ ಮಾತ್ರ ಇರುತ್ತದೆ. ಪಾಲುಪಟ್ಟಿಯಲ್ಲಿ ಹಾಗಲ್ಲ. "ಪಡುವಣ ಕೋಣೆ, ಅದರ ಮೇಲಿನ ಅಟ್ಟ, ಬಾವಿಯ ಅರ್ಧ ಹಕ್ಕು" ಎಂಬಂತೆ ಕೋಣೆ ಕೋಣೆಯ ಲೆಕ್ಕ ಇರುವುದುಂಟು. ಇವತ್ತು ಇಲ್ಲದ ಒಂದು ಕೋಣೆ ಅಲ್ಲಿ ಸಿಕ್ಕರೆ ಅದು ಬಿದ್ದು ಹೋಗಿದೆ ಅಂತ ತಿಳಿಯುತ್ತದೆ.

ಮನೆಯಲ್ಲಿ ಪತ್ರ ಇಲ್ಲದಿದ್ದರೆ ಉಪನೋಂದಣಿ ಕಚೇರಿಗೆ ಹೋಗಿ. ಮೊದಲು ಇ.ಸಿ. ತೆಗೆಸಿ. ಇ.ಸಿ. ಅಂದರೆ ಆ ಆಸ್ತಿಯ ಮೇಲೆ ನಡೆದ ನೋಂದಾಯಿತ ವ್ಯವಹಾರಗಳ ಪಟ್ಟಿ. ಅದರಲ್ಲಿರುವ ದಸ್ತಾವೇಜು ಸಂಖ್ಯೆ ಹಿಡಿದು ಹಳೆ ಪತ್ರಗಳ ನಕಲು ಕೇಳಬಹುದು. ಪಂಚಾಯಿತಿ ಅಥವಾ ಪುರಸಭೆಯ ಹಳೆ ಕಂದಾಯದ ವಹಿಯನ್ನೂ ನೋಡಿ. ಒಂದು ವರ್ಷ ಕಂದಾಯ ಇದ್ದಕ್ಕಿದ್ದಂತೆ ಏರಿದ್ದರೆ ಆ ಸುಮಾರಿಗೆ ಮನೆಗೆ ಏನೋ ಸೇರಿರಬಹುದು.

ಊರಿನ ಹಳೆ ನಕ್ಷೆ, ಸರ್ಕಾರಿ ಕಟ್ಟಡದ ಕಡತ ಬೇಕಾದರೆ ಪತ್ರಾಗಾರಕ್ಕೆ ಹೋಗಬೇಕು. ಇಲ್ಲೊಂದು ತೊಡಕಿದೆ. 1956ಕ್ಕೆ ಮುಂಚೆ ನಿಮ್ಮ ಊರು ಯಾರ ಆಡಳಿತದಲ್ಲಿತ್ತು ಅನ್ನುವುದನ್ನು ಮೊದಲು ಗೊತ್ತು ಮಾಡಿಕೊಳ್ಳಿ. ಹಳೆ ಮೈಸೂರಿನವರಿಗೆ ಬೆಂಗಳೂರು, ಮೈಸೂರಿನಲ್ಲಿರುವ ರಾಜ್ಯ ಪತ್ರಾಗಾರ ಸಾಕು. ಮಂಗಳೂರು, ಬಳ್ಳಾರಿ ಕಡೆಯವರ ಕಡತ ಮದ್ರಾಸಿನಲ್ಲಿ, ಅಂದರೆ ಈಗಿನ ಚೆನ್ನೈಯಲ್ಲಿ ಇರಬಹುದು. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರದವರು ಮುಂಬೈ, ಪುಣೆ ನೋಡಬೇಕು. ಕಲಬುರಗಿ, ಬೀದರ್, ರಾಯಚೂರಿನವರು ಹೈದರಾಬಾದು. ಭಾಷೆಯೂ ಹಾಗೇ ಬದಲಾಗುತ್ತದೆ. ಮುಂಬೈ ಕರ್ನಾಟಕದ ಹಳೆ ಕಾಗದ ಮೋಡಿಯಲ್ಲಿ, ಅಂದರೆ ಹಿಂದೆ ಮರಾಠಿ ಬರೆಯುತ್ತಿದ್ದ ಲಿಪಿಯಲ್ಲಿ ಇದ್ದರೆ ಗಾಬರಿಯಾಗಬೇಡಿ, ಓದುವವರು ಇನ್ನೂ ಇದ್ದಾರೆ. ಹೈದರಾಬಾದಿನವು ಉರ್ದು, ಪಾರ್ಸಿ.

ಇಸವಿಯ ಲೆಕ್ಕದಲ್ಲಿ ತುಂಬ ಜನ ಎಡವುತ್ತಾರೆ:

• ಶಕ ವರ್ಷಕ್ಕೆ 78 ಸೇರಿಸಿದರೆ ಇಸವಿ ಸಿಗುತ್ತದೆ.
• ಫಸಲಿ, ಅಂದರೆ ಹಳೆ ಕಂದಾಯದ ಲೆಕ್ಕದ ವರ್ಷಕ್ಕೆ 590 ಸೇರಿಸಿ. ಫಸಲಿ 1340 ಅಂದರೆ 1930-31.
• ಬಾಗಿಲುವಾಡದ ಮೇಲೆ ಸುಮ್ನೆ "ಪ್ರಭವ ಸಂವತ್ಸರ" ಅಂತ ಕೆತ್ತಿದ್ದರೆ ಅದು 1867 ಆಗಬಹುದು, 1927 ಆಗಬಹುದು, 1987ರೂ ಆಗಬಹುದು. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದಲ್ವಾ.

ಕೆತ್ತಿದ ಇಸವಿ ಸಿಕ್ಕರೂ ಅದು ಮನೆ ಕಟ್ಟಿದ ವರ್ಷವೇ ಆಗಬೇಕಿಲ್ಲ. ಬಾಗಿಲು ಹಾಕಿಸಿದ ವರ್ಷ ಇರಬಹುದು. ಬಾಗಿಲೇ ಬೇರೆ ಮನೆಯಿಂದ ಬಂದದ್ದೂ ಇರಬಹುದು.

ಹಳೆ ಮದುವೆ ಫೋಟೋಗಳನ್ನು ನೆಂಟರ ಮನೆಯಲ್ಲಿ ಕೇಳಿ. ಮದುಮಕ್ಕಳನ್ನು ಬಿಟ್ಟು ಅವರ ಹಿಂದಿನ ಗೋಡೆ ನೋಡಿ.

4. ಕಟ್ಟಡವನ್ನೇ ಓದಿ

ಕಾಗದ ಸುಳ್ಳು ಹೇಳಬಹುದು, ಗೋಡೆ ಹೇಳುವುದು ಕಷ್ಟ. ನನಗೆ ಇಷ್ಟದ ಹಂತ ಇದೇ.

ಹೆಂಚಿನಿಂದ ಶುರು ಮಾಡಿ. ಒಂದೆರಡು ಮಂಗಳೂರು ಹೆಂಚು ಕೆಳಗಿಳಿಸಿ ತಿರುಗಿಸಿ. ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಮೊದಲ ಮಹಾಯುದ್ಧದ ನಂತರ ಅವರ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಹಾಗಾಗಿ ಬರಿಯ ಹೆಸರೇ ಒಂದು ಕಾಲದ ಗಡಿ ಹಾಕಿಕೊಡುತ್ತದೆ. ಆದರೆ ಎಚ್ಚರ. ಹೆಂಚಿನ ಮೇಲೆ ಇಸವಿ ಇದ್ದರೆ ಅದು ಕಾರ್ಖಾನೆ ಸ್ಥಾಪನೆಯಾದ ವರ್ಷವೂ ಆಗಿರಬಹುದು. ಇನ್ನೊಂದು, ಹೆಂಚಿನ ವಯಸ್ಸು ಗೋಡೆಯ ವಯಸ್ಸಲ್ಲ. ಹುಲ್ಲು ಅಥವಾ ನಾಡಹೆಂಚು ಇದ್ದ ಮನೆಗೆ ಆಮೇಲೆ ಮಂಗಳೂರು ಹೆಂಚು ಏರಿದ್ದು ಊರೂರಲ್ಲೂ ಇದೆ.

ಮರ ನೋಡಿ. ತೊಲೆಯ ಮೇಲೆ ಬಾಚಿ ಏಟಿನ ಗುರುತು ಇದ್ದರೆ ಕೈಯಲ್ಲಿ ಕೆತ್ತಿದ್ದು. ಕಂಬದಲ್ಲಿ ಯಾವುದಕ್ಕೂ ಸೇರದ ತೂತು, ಕಚ್ಚು ಕಂಡರೆ ಆ ಕಂಬ ಮೊದಲು ಬೇರೆ ಕಡೆ ದುಡಿದು ಬಂದದ್ದು. ಕಬ್ಬಿಣದ ತೊಲೆ ಇದ್ದರೆ ಅದರ ನಡುಪಟ್ಟಿಯ ಮೇಲಿನ ಅಚ್ಚು ಓದಿ. ಟಾಟಾ ಅಂತ ಇದ್ದರೆ ಅದು 1912ಕ್ಕಿಂತ ಹಿಂದಿನದಲ್ಲ, ಏಕೆಂದರೆ ಜಮ್‌ಶೆಡ್‌ಪುರದಲ್ಲಿ ಉಕ್ಕು ಬರಲು ಶುರುವಾದದ್ದೇ ಆಗ.

ಗೋಡೆಗಳು ಸೇರುವ ಮೂಲೆ ನೋಡಿ. ಇಟ್ಟಿಗೆಗಳು ಒಂದರೊಳಗೊಂದು ಕೈ ಹೆಣೆದುಕೊಂಡಿದ್ದರೆ ಒಟ್ಟಿಗೆ ಕಟ್ಟಿದ್ದು. ನೇರವಾಗಿ ಮೇಲಿಂದ ಕೆಳಗೆ ಒಂದೇ ಸೀಳು ಬಿಟ್ಟಿದ್ದರೆ ಒಂದು ಮೊದಲು, ಇನ್ನೊಂದು ಆಮೇಲೆ.

ಗಾರೆಯ ಚೂರೊಂದನ್ನು ಮೊಳೆಯಿಂದ ಕೆರೆದು ಲೋಟದ ನೀರಿಗೆ ಹಾಕಿ. ಕರಗಿ ಕೆಸರಾದರೆ ಮಣ್ಣಿನ ಗಾರೆ. ಹಾಗೇ ಉಳಿದರೆ ಸುಣ್ಣದ್ದು ಅಥವಾ ಸಿಮೆಂಟಿನದು. ಬಿಳಿಚಿಕೊಂಡು ಮೊಳೆಗೆ ಸುಲಭವಾಗಿ ಬಿದ್ದರೆ ಸುಣ್ಣ. ಬೂದು ಬಣ್ಣ, ಮೊಳೆ ಜಾರುವಷ್ಟು ಗಟ್ಟಿ ಇದ್ದರೆ ಸಿಮೆಂಟು.

ಮಾಡು, ಅಂದರೆ ಛಾವಣಿ, ಸಮತಟ್ಟಾಗಿದ್ದರೆ ಕೆಳಗೆ ನಿಂತು ನೋಡಿ. ಮರದ ತೊಲೆಗಳ ನಡುವೆ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ಓರೆಯಾಗಿ ನಿಲ್ಲಿಸಿದ್ದರೆ ಅದು ಮದ್ರಾಸ್ ಟೆರೇಸು. ಅದರ ಮೇಲೆ ಸುಣ್ಣ ಮತ್ತು ಇಟ್ಟಿಗೆ ಚೂರಿನ ಪದರ ಇರುತ್ತದೆ. ಅದರ ಮೇಲೆ ನೀರಿನ ಟ್ಯಾಂಕು ಕೂರಿಸುವ ಯೋಚನೆ ಇವತ್ತೇ ಬಿಡಿ.

ತೊಟ್ಟಿ ಇದ್ದರೆ ಒಂದು ಬಕೆಟ್ ನೀರಿಗೆ ಅರಿಸಿನ ಕಲಸಿ ಸುರಿಯಿರಿ. ಎಲ್ಲಿ ಹೊರಗೆ ಬರುತ್ತದೆ ನೋಡಿ. ಎಲ್ಲೂ ಬರದಿದ್ದರೆ ಹಳೆ ತೂಬು ಮುಚ್ಚಿಹೋಗಿರಬಹುದು, ಮತ್ತು ಆ ನೀರೆಲ್ಲ ಇಷ್ಟು ವರ್ಷ ಪಾಯಕ್ಕೆ ಇಳಿದಿರಬಹುದು.

5. ಮೂರು ಬಣ್ಣ ಹಾಕಿ

ಈಗ ನಕ್ಷೆ ತೆಗೆದು ಸ್ಕೆಚ್ ಪೆನ್ನು ಹಿಡಿಯಿರಿ. ಯಾವ ಭಾಗ ಯಾವಾಗಿನದು ಅನ್ನುವುದಕ್ಕೆ ಎರಡು ಸಾಕ್ಷಿ ಒಪ್ಪಿದರೆ ಹಸಿರು. ಒಂದೇ ಸಾಕ್ಷಿ ಇದ್ದರೆ ಹಳದಿ. ಬರೀ ಊಹೆ ಆದರೆ ಕೆಂಪು.

ಕೆಂಪು ಇರುವ ಜಾಗದಲ್ಲಿ "ಮೊದಲು ಹೀಗಿತ್ತು" ಅಂತ ಏನನ್ನೂ ಮರಳಿ ಕಟ್ಟಬೇಡಿ. ಊಹೆ ಶುರುವಾಗುವಲ್ಲಿ ಮರುನಿರ್ಮಾಣ ನಿಲ್ಲಬೇಕು ಅಂತ 1964ರ ವೆನಿಸ್ ಸನ್ನದು ಹೇಳುತ್ತದೆ. ಇದು ಹಳೆ ಕಟ್ಟಡಗಳ ರಕ್ಷಣೆಗೆ ಜಗತ್ತಿನ ತಜ್ಞರು ಒಪ್ಪಿಕೊಂಡ ನಿಯಮಾವಳಿ. ಅಲ್ಲಿ ಹೊಸದು ಬೇಕಾದರೆ ಹೊಸದಾಗಿಯೇ ಕಟ್ಟಿ. ಸುಳ್ಳು ಹಳತಿಗಿಂತ ಪ್ರಾಮಾಣಿಕ ಹೊಸತು ಎಷ್ಟೋ ವಾಸಿ.

ಆಮೇಲೆ ಸೇರಿದ್ದೆಲ್ಲ ಕಸ ಅಂತಲೂ ಅಂದುಕೊಳ್ಳಬೇಡಿ. 1950ರ ಸುಮಾರಿಗೆ ಹಾಕಿದ ಕೆಂಪು ರೆಡ್ ಆಕ್ಸೈಡ್ ನೆಲ ಮೂಲದ್ದಲ್ಲ, ನಿಜ. ಹಾಗಂತ ಅದನ್ನು ಒಡೆದು ಕೆಳಗಿನ ಸಗಣಿ ಸಾರಿಸಿದ ನೆಲ ಹುಡುಕುತ್ತೀರಾ?

6. ಕಾರಣದಿಂದ ವಿನ್ಯಾಸಕ್ಕೆ ಬನ್ನಿ

ಇಲ್ಲಿವರೆಗೆ ಹುಡುಕಿದ್ದನ್ನು ಈಗ ಬಳಸಬೇಕು. ತೊಟ್ಟಿಯನ್ನೇ ತೆಗೆದುಕೊಳ್ಳಿ. ಅದು ಬೆಳಕು ತರುತ್ತಿತ್ತು, ಬಿಸಿಗಾಳಿಯನ್ನು ಮೇಲಕ್ಕೆ ಕಳಿಸುತ್ತಿತ್ತು, ನಾಲ್ಕು ಕಡೆಯ ಮಾಡಿನ ಮಳೆನೀರು ಹಿಡಿಯುತ್ತಿತ್ತು. ಈಗಿನವರು ಮಳೆ ಬೇಡ ಅಂತ ಅದರ ಮೇಲೆ ಫೈಬರ್ ಶೀಟು ಬಿಗಿದು ಮುಚ್ಚುತ್ತಾರೆ. ಬೆಳಕು ಉಳಿಯಿತು, ಗಾಳಿ ಸತ್ತಿತು. ಏಪ್ರಿಲ್‌ನಲ್ಲಿ ನಡುಮನೆ ಒಲೆಯಾಗುತ್ತದೆ. ಕಾರಣ ಗೊತ್ತಿದ್ದವರು ಶೀಟನ್ನು ಮಾಡಿಗಿಂತ ಎರಡಡಿ ಎತ್ತರಿಸಿ ಸುತ್ತ ಗಾಳಿಗೆ ಜಾಗ ಬಿಡುತ್ತಾರೆ. ಇರಚಲು ತಡೆಯಲು ಶೀಟನ್ನು ಹೊರಕ್ಕೆ ಚಾಚುತ್ತಾರೆ. ಧಾರವಾಡದ ಕಡೆಯ ಮಣ್ಣಿನ ಮಾಳಿಗೆಯ ಬೆಳಕಿಂಡಿಗೂ ಇದೇ ಮಾತು. ಅದನ್ನು ಮುಚ್ಚಿ ಹಗಲಲ್ಲೇ ಟ್ಯೂಬ್‌ಲೈಟ್ ಹಾಕಿದರೆ ಏನು ಬಂತು?

ಈಗ ಅಂಕಣಕ್ಕೆ ಬರೋಣ. ಹೊಸ ಗೋಡೆ, ಹೊಸ ಬಾಗಿಲು ಎಲ್ಲವೂ ಅಂಕಣದ ಗೆರೆಗೆ ಸರಿಯಾಗಿ ಬರಲಿ. ಎರಡು ಕೋಣೆ ಒಂದು ಮಾಡಬೇಕಾದರೆ ಯಾವ ಗೋಡೆ ತೊಲೆ ಹೊತ್ತಿದೆ, ಯಾವುದು ಬರೀ ಮರೆಗೆ ನಿಂತಿದೆ ಅಂತ ಮೊದಲೇ ಅಂಕಣ ಗುರುತಿಸಿದ ನಕ್ಷೆ ಹೇಳುತ್ತದೆ. ಪಾಲಾದಾಗ ಅಣ್ಣತಮ್ಮಂದಿರು ಎಬ್ಬಿಸಿದ ಗೋಡೆ ಹೆಚ್ಚಾಗಿ ಮರೆಯ ಗೋಡೆ. ಆದರೂ ಎಂಜಿನಿಯರ್ ನೋಡದೆ ಕೆಡವಬೇಡಿ. ಎಷ್ಟೋ ವರ್ಷದಲ್ಲಿ ತೊಲೆ ಜಗ್ಗಿ ಅದರ ಮೇಲೆ ಒರಗಿಕೊಂಡಿರಬಹುದು.

7. ಹೊಸ ಬಳಕೆ ಆ ಮನೆಗೆ ಒಗ್ಗುತ್ತದಾ?

ಮನೆಗೆ ತಕ್ಕ ಬಳಕೆ ಹುಡುಕಿ. ಬಳಕೆಗೆ ತಕ್ಕಂತೆ ಮನೆ ಒಡೆಯಬೇಡಿ. ಜಗಲಿ ಕ್ಲಿನಿಕ್ಕಿನಲ್ಲಿ ಕಾಯುವ ಜಾಗವಾಗುತ್ತದೆ, ಪಡಸಾಲೆ ಓದುವ ಕೋಣೆಯಾಗುತ್ತದೆ. ಅಡುಗೆಮನೆ ಅಡುಗೆಮನೆಯಾಗಿಯೇ ಉಳಿಯಲಿ. ಕಷ್ಟ ಬರುವುದು ಎರಡು ಕಡೆ, ನೀರು ಮತ್ತು ಭಾರ.

ಮಣ್ಣಿನ ಗೋಡೆಗೆ ಬಾತ್‌ರೂಮ್ ಅಂಟಿಸಬೇಡಿ. ಪೈಪು ಒಂದು ದಿನ ಸೋರೇ ಸೋರುತ್ತದೆ. ಹಿತ್ತಲಲ್ಲಿ ಬೇರೆ ಪಾಯದ ಮೇಲೆ ಹೊಸ ಬ್ಲಾಕ್ ಕಟ್ಟಿ, ನಡುವೆ ಒಂದು ಮುಚ್ಚಿದ ದಾರಿ ಕೊಡಿ. ಹಿಂದೆ ಬಚ್ಚಲು ಹಿತ್ತಲ ಕಡೆಗೇ ಇರುತ್ತಿತ್ತು, ಸುಮ್ನೆ ಅಲ್ಲ. ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್ ನೋಡಿ ಬನ್ನಿ. 2009ರಲ್ಲಿ ಅದು ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಾಗಿ ತೆರೆಯಿತು. ಹೊಸ ಜಾಗ ಬೇಕಾದ್ದನ್ನು ಹೊಸ ಕಟ್ಟಡವಾಗಿಯೇ ಸೇರಿಸಿದ್ದಾರೆ, ಹಳೆ ಬಂಗಲೆಯ ವೇಷ ಹಾಕಿಲ್ಲ. ಹಳೆ ಸೆಂಟ್ರಲ್ ಜೈಲು ಫ್ರೀಡಂ ಪಾರ್ಕ್ ಆದದ್ದೂ ನೋಡುವಂಥದ್ದು. ಕಾವಲು ಗೋಪುರ, ಬ್ಯಾರಕ್ಕು ಉಳಿದಿವೆ. ಅಲ್ಲಿ ನಿಂತರೆ ಅದು ಜೈಲಾಗಿತ್ತು ಅಂತ ಯಾರೂ ಹೇಳಿಕೊಡಬೇಕಿಲ್ಲ.

ಭಾರದ ಲೆಕ್ಕ ಹೀಗಿದೆ. ವಾಸದ ಕೋಣೆಯ ನೆಲಕ್ಕೆ ಚದರ ಮೀಟರಿಗೆ ಸುಮಾರು 200 ಕಿಲೋ ಬಳಕೆಯ ಭಾರ ಹಿಡಿಯುತ್ತಾರೆ. ಪುಸ್ತಕದ ಕಪಾಟು ಸಾಲು ನಿಲ್ಲಿಸುವ ಕೋಣೆಗೆ ಸುಮಾರು 600 ಕಿಲೋ, ಮೂರು ಪಟ್ಟು. ಇದು ಐ.ಎಸ್. 875 ಎಂಬ ಭಾರತೀಯ ಮಾನಕದ ಲೆಕ್ಕ. ಹಾಗಾಗಿ ಗ್ರಂಥಾಲಯವಾದರೆ ಪುಸ್ತಕ ನೆಲಮಟ್ಟದಲ್ಲಿ, ಓದುವವರು ಮಹಡಿಯಲ್ಲಿ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜೀವಹಾನಿಯಾಯಿತು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿತ್ತು. ಎರಡೂ ಜನ ದಿನಾ ಓಡಾಡುತ್ತಿದ್ದ ಜಾಗ. ಹಳೆ ಕಟ್ಟಡಗಳ ಅನುಭವ ಇರುವ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಕೊಡುವ ಫೀಸಿನಲ್ಲಿ ಉಳಿತಾಯ ಮಾಡಬೇಡಿ.

8. ಸುಣ್ಣದ ಗೋಡೆಗೆ ಸಿಮೆಂಟು ಬೇಡ

ಎಲ್ಲಕ್ಕಿಂತ ಜಾಸ್ತಿ ನಡೆಯುವ ತಪ್ಪು ಇದು. ಮಣ್ಣು, ಸುಣ್ಣದ ಗೋಡೆ ನೆಲದ ತೇವ ಹೀರುತ್ತದೆ, ಬಿಸಿಲಿಗೆ ಬಿಡುತ್ತದೆ. ಮೇಲೆ ಸಿಮೆಂಟು ಬಳಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ನಾನೂ ಒಮ್ಮೆ ಮೇಸ್ತ್ರಿಯ ಮಾತಿಗೆ ಒಪ್ಪಿ ಒಂದು ಗೋಡೆಗೆ ಸಿಮೆಂಟು ಹಾಕಿಸಿದ್ದೆ. ಎರಡನೇ ಮಳೆಗಾಲಕ್ಕೆ ಬಣ್ಣ ಉಬ್ಬಿ, ಉಪ್ಪು ಹೂವಿನ ಹಾಗೆ ಅರಳಿ, ಹಿಂದಿನ ಮಣ್ಣು ಪುಡಿಪುಡಿಯಾಗಿತ್ತು.

ಸುಣ್ಣದ ಗಾರೆಗೆ ಮರಳು, ಸುರ್ಕಿ ಬೇಕು. ಸುರ್ಕಿ ಅಂದರೆ ಇಟ್ಟಿಗೆ ಪುಡಿ. ಬೆಲ್ಲದ ನೀರು, ಅಳಲೆಕಾಯಿ ನೀರು ಸೇರಿಸುವ ಪದ್ಧತಿಯೂ ಇದೆ. ಪ್ರಮಾಣ ಊರಿಂದ ಊರಿಗೆ ಬದಲಾಗುತ್ತದೆ. ಅದಕ್ಕೇ ಮೊದಲು ಹಿಂದಿನ ಗೋಡೆಯಲ್ಲಿ ಸಣ್ಣ ತುಣುಕು ಬಳಿದು ಒಂದು ತಿಂಗಳು ನೋಡಿ. ಸುಣ್ಣಕ್ಕೆ ನೀರು ಹಾಕುವಾಗ ಕುದಿಯುತ್ತದೆ, ಕಣ್ಣಿಗೆ ಹಾರಿದರೆ ದೃಷ್ಟಿಗೇ ಅಪಾಯ. ಕನ್ನಡಕ, ಗ್ಲೌಸು ಇಲ್ಲದೆ ಯಾರನ್ನೂ ಹತ್ತಿರ ಬಿಡಬೇಡಿ.

9. ಪರವಾನಗಿ

ನಿಮ್ಮ ಮನೆ ಹಂಪಿ, ಶ್ರೀರಂಗಪಟ್ಟಣ, ಬಾದಾಮಿಯಂಥ ಕಡೆ ಇದ್ದರೆ ಇದನ್ನು ಒಂಬತ್ತನೆಯದಲ್ಲ, ಮೊದಲನೆಯದಾಗಿ ಓದಿ. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅಲ್ಲಿರುವ ಮನೆಯ ರಿಪೇರಿಗೂ ಅನುಮತಿ ಬೇಕು. ಅದರಾಚೆಯ 200 ಮೀಟರ್‌ನಲ್ಲಿ ಏನು ಕಟ್ಟಬೇಕಾದರೂ ಅನುಮತಿ ಬೇಕು. ಉಳಿದವರು ಬಳಕೆ ಬದಲಾವಣೆಗೆ ಮೊದಲು ಪಂಚಾಯಿತಿ ಅಥವಾ ನಗರಸಭೆಯಲ್ಲಿ ವಿಚಾರಿಸಿ.

10. ನೀವು ಮಾಡಿದ್ದನ್ನೂ ಬರೆದಿಡಿ

ಕೆಲಸ ಮುಗಿದ ಮೇಲೆ ಯಾವ ಗೋಡೆ ಹೊಸದು, ಯಾವ ತೊಲೆ ಬದಲಾಯಿತು, ಗಾರೆಗೆ ಏನೇನು ಎಷ್ಟು ಹಾಕಿದಿರಿ, ಪೈಪು ವೈರು ಎಲ್ಲಿ ಹಾದಿವೆ ಎಲ್ಲವನ್ನೂ ಬಣ್ಣದ ನಕ್ಷೆಯ ಜೊತೆ ಒಂದು ಫೈಲು ಮಾಡಿ. ಹೊಸ ತೊಲೆಯ ಕಾಣದ ಬದಿಯಲ್ಲಿ ಇಸವಿ ಕೆತ್ತಿಸಿ. ಸಂವತ್ಸರ ಅಲ್ಲ, ಇಸವಿ. ಫೈಲಿನ ಒಂದು ಪ್ರತಿ ಅಟ್ಟದಲ್ಲಿ ಇಲಿ ಕಡಿಯದ ತಗಡಿನ ಡಬ್ಬಿಯಲ್ಲಿಡಿ. ಪೆನ್ಸಿಲಿನಲ್ಲೇ ಬರೆಯಿರಿ, ಇಂಕು ಮಳೆನೀರು ತಾಗಿದರೆ ಹರಡಿಬಿಡುತ್ತದೆ.